ಮೂರನೆಯ ತಂತಿ

ದೀಕ್ಷಾಸ್ನಾನ, ವಿವಾಹಗಳ ಹಳೆಯ ದಾಖಲೆ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಳಿಸಿಕೊಳ್ಳಲೆಂದು ನಮ್ಮ ಧರ್ಮಕೇಂದ್ರದ ಕಚೇರಿಗೆ ಡೆಸ್ಕ್‌ಟಾಪ್ ಗಣಕಯಂತ್ರವೊಂದು ಬಂತು. ಸಂಜೆ ಅದರ ಮುಂದೆ ಕುಳಿತು ಕೆಲಸ ಮಾಡಬೇಕಾದವರು ನಮ್ಮ ಯುವಕ ಯುವತಿಯರು.

ಜೋಡಣೆ ಕಠಿಣವೇನಲ್ಲ. ಹಿಂದೆ ಕೀಲಿಮಣೆಗೆ ನೇರಳೆ, ಮೌಸಿಗೆ ಹಸಿರು ಬಣ್ಣದ ಕಿಂಡಿಗಳಿರುತ್ತಿದ್ದವು. 1996ರಲ್ಲಿ ಯುಎಸ್‌ಬಿ ಬಂದ ಬಳಿಕ ಕ್ರಮೇಣ ಕೀಲಿಮಣೆ, ಮೌಸ್, ಸ್ಕ್ಯಾನರ್, ಪ್ರಿಂಟರ್ ಎಲ್ಲಕ್ಕೂ ಒಂದೇ ಬಗೆಯ ಕಿಂಡಿ ಸಾಕಾಯಿತು. ಗಣಕಯಂತ್ರವನ್ನೂ ಪರದೆಯನ್ನೂ ಯುಪಿಎಸ್‌ಗೆ ಸೇರಿಸಿದೆವು. ಲೇಸರ್ ಪ್ರಿಂಟರನ್ನು ಮಾತ್ರ ಸೇರಿಸಲಿಲ್ಲ. ಅದು ಬಿಸಿಯೇರುವಾಗ ಎಳೆಯುವ ವಿದ್ಯುತ್ತಿನ ಭಾರವನ್ನು ಸಣ್ಣ ಯುಪಿಎಸ್ ತಾಳಲಾರದು.

ಉಳಿದದ್ದು ಗೋಡೆಯ ಪ್ಲಗ್ ಪಾಯಿಂಟ್. ಅದರ ಮೂರು ರಂಧ್ರಗಳಲ್ಲಿ ಮೇಲಿನ ದೊಡ್ಡದು ಅರ್ಥಿಂಗಿನದು. ಅದು ಕೆಲಸ ಮಾಡದಿದ್ದರೂ ಪರದೆ ಬೆಳಗುತ್ತದೆ, ಅಕ್ಷರ ಮೂಡುತ್ತದೆ. ಯಾರಿಗೂ ಕೊರತೆ ಕಾಣದು. ಆದರೆ ಯಂತ್ರದ ಲೋಹದ ಪೆಟ್ಟಿಗೆಗೆ ಸೋರಿದ ವಿದ್ಯುತ್ತು, ಮುಟ್ಟಿದವರ ಮೈಗೆ ಹರಿಯದಂತೆ ನೆಲಕ್ಕಿಳಿಸುವುದು ಆ ತಂತಿಯೇ. ಎಲೆಕ್ಟ್ರಿಷಿಯನ್ ಪರೀಕ್ಷಿಸಿದಾಗ ನಮ್ಮ ಗೋಡೆಯಲ್ಲಿ ಅದು ನೆಲದವರೆಗೆ ತಲುಪಿರಲೇ ಇಲ್ಲ! ಅದು ಸರಿಯಾದ ಮೇಲೆಯೇ ಸ್ವಿಚ್ ಒತ್ತಿದೆವು.

ಪ್ರಿಯರೇ, ಕೆಲಸ ನಡೆಸುವ ತಂತಿಗಳನ್ನು ನಾವು ಮರೆಯುವುದಿಲ್ಲ, ಮರೆತರೆ ಯಂತ್ರವೇ ನೆನಪಿಸುತ್ತದೆ. ಸುಮ್ಮನೆ ಕಾಯುವ ತಂತಿಯನ್ನು ನಾವೇ ನೆನೆಯಬೇಕು. ಮನೆಯಲ್ಲಿ ಮಕ್ಕಳ ಮುಂದೆ ಗಣಕಯಂತ್ರವಿಡುವ ಮೊದಲು ಗೋಡೆಯನ್ನೊಮ್ಮೆ ಪರೀಕ್ಷಿಸಿರಿ.