ಹೊಸಿಲಿನ ಎತ್ತರ

ಈ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿನಿಯರಲ್ಲೊಬ್ಬಳಾದ ನನಗೂ ಅಪ್ಪಣೆಯಾಗಿದೆ. ಕಳೆದೆರಡು ವರ್ಷಗಳಿಂದ ನನ್ನ ಚಿತ್ತವನ್ನೆಲ್ಲ ಆವರಿಸಿಕೊಂಡಿರುವುದು ಮನೆ ಕಟ್ಟಿಸುವ ಕಾರ್ಯವೊಂದೇ. ಆದುದರಿಂದ ಪ್ರಿಯ ಸೋದರಿಯರು ಇಟ್ಟಿಗೆ ಗಾರೆಗಳ ಮಾತನ್ನು ಸೈರಿಸಿಕೊಳ್ಳಬೇಕು.

ಬೇಲೂರು ಸೀಮೆಯ ಗೆಂಡೆಹಳ್ಳಿಯಲ್ಲಿ ನಮ್ಮ ಹಿರಿಯರ ಮನೆಯಿತ್ತು. ದಪ್ಪನೆಯ ಮಣ್ಣಿನ ಗೋಡೆ, ನಡುವೆ ತೊಟ್ಟಿ, ಮೇಲೆ ಮಂಗಳೂರು ಹೆಂಚು, ಮುಂಗಡೆ ಎರಡಡಿ ಎತ್ತರದ ಜಗಲಿ. ಬೇಸಗೆಯಲ್ಲಿಯೂ ಒಳಗೆ ತಂಪಾಗಿರುತ್ತಿದ್ದಿತು. ಆ ಮನೆಯನ್ನು ಹೊಗಳುವವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಒಲೆಯ ಮೇಲಣ ಅಟ್ಟದಲ್ಲಿ ಸೌದೆಯನ್ನು ಒಣಗಲು ಒಟ್ಟುತ್ತಿದ್ದೆವೆಂಬುದನ್ನೂ, ಒಳಕೋಣೆಗೆ ಕಿಟಕಿಯಿರಲಿಲ್ಲವೆಂಬುದನ್ನೂ ನಾನು ಹೇಳಬೇಕಾಗಿದೆ.

ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ನಮ್ಮ ಅಜ್ಜಿ ಆ ಒಳಕೋಣೆಯಲ್ಲಿಯೇ ಮಲಗಿದ್ದರು. ಒಂದು ಮಾಘಮಾಸದ ರಾತ್ರಿ ಅಟ್ಟದ ಸೌದೆಗೆ ಬೆಂಕಿ ಹತ್ತಿತು. ಉರಿ ಕಾಣುವುದಕ್ಕೆ ಮುಂಚೆಯೇ ಹೊಗೆ ಮನೆಯನ್ನು ತುಂಬಿತು. ತಂದೆಯವರೂ ಚಿಕ್ಕಪ್ಪನವರೂ ಅಜ್ಜಿಯನ್ನು ಮಂಚಸಮೇತ ಎತ್ತಿದರು; ಮಂಚವು ಬಾಗಿಲಲ್ಲಿ ಹಿಡಿಯಲಿಲ್ಲ. ಕಂಬಳಿಯಲ್ಲಿ ಸುತ್ತಿ ಎತ್ತಿದರು. ಚಿಕ್ಕಪ್ಪನವರು ಹೊಸಿಲನ್ನೆಡವಿ ಬಿದ್ದರು. “ನನ್ನ ಬುಟ್ಬುಡ್ರಪ್ಪ, ಮಕ್ಳ ಕರ್ಕೊಂಡು ಹೊರಗೋಗಿ” ಎಂದು ಅಜ್ಜಿ ಕೂಗಿದುದು ನನ್ನ ಕಿವಿಯಲ್ಲಿ ಇಂದಿಗೂ ಇದೆ. ಅವರನ್ನು ಹೊರಕ್ಕೆ ತಂದದ್ದಾಯಿತು. ಆ ಬಳಿಕ ಎರಡು ವರ್ಷ ಬದುಕಿದ್ದರು. ಆದರೆ ಪ್ರತಿ ರಾತ್ರಿಯೂ ದೀಪವಾರಿಸಿದ ಮೇಲೆ, “ಬಾಗ್ಲು ತೆಗೆಯೋಕ್ಕೆ ಬತ್ತದಾ, ನೋಡವ್ವ” ಎಂದು ಕೇಳುತ್ತಿದ್ದರು.

ಈಗ ನಮ್ಮ ತಾಯಿಯವರು ಗಾಲಿಕುರ್ಚಿಯಲ್ಲಿದ್ದಾರೆ. ಅದೇ ನಿವೇಶನದಲ್ಲಿ ಹೊಸ ಮನೆಯನ್ನು ಕಟ್ಟಿಸಲು ಹೊರಟಾಗ ರಾಷ್ಟ್ರೀಯ ಕಟ್ಟಡ ಸಂಹಿತೆಯೆಂಬ ದೊಡ್ಡ ಗ್ರಂಥವನ್ನು ತಿರುವಿಹಾಕಿದೆನು. 1970ರಲ್ಲಿ ಮೊದಲು ಪ್ರಕಟವಾದ ಇದು 2016ರಲ್ಲಿ ಪರಿಷ್ಕೃತವಾಗಿದೆ. ನಾಲ್ಕನೆಯ ಭಾಗವೆಲ್ಲ ಬೆಂಕಿಯಿಂದ ರಕ್ಷಣೆಯನ್ನು ಕುರಿತದ್ದು. ಹಳ್ಳಿಯ ಒಂದಂತಸ್ತಿನ ಮನೆಯನ್ನು ಅಳೆಯಲು ಯಾರೂ ಬರುವವರಿರಲಿಲ್ಲ. ಅಳತೆಗೋಲನ್ನು ನಾನೇ ಹಿಡಿಯಬೇಕಾಯಿತು.

ಗಾಲಿಕುರ್ಚಿಯ ಇಳಿಜಾರು ಒಂದಡಿ ಏರುವುದಕ್ಕೆ ಹನ್ನೆರಡಡಿಯಾದರೂ ಉದ್ದವಿರಬೇಕೆಂದು ಸಂಹಿತೆಯ ವಿಧಿ. ಎರಡಡಿ ಜಗಲಿಗೆ 24 ಅಡಿ! ನಮ್ಮ ಅಂಗಳವೇ ಅಷ್ಟಿಲ್ಲ. ಮೇಸ್ತ್ರಿಯು ನಕ್ಕು, “ಆರಡಿ ಸಾಕು ಬುಡಿ ಅಕ್ಕಾವ್ರೇ, ಬೈಕು ಸಲೀಸಾಗಿ ಹತ್ತುತ್ತೆ” ಎಂದನು. ಬೈಕಿಗೆ ಎಂಜಿನ್ ಉಂಟು, ಅವ್ವನಿಗೆ ಇಲ್ಲವಪ್ಪ ಎಂದೆನು. ಜಗಲಿಯನ್ನು ತಗ್ಗಿಸಿದರೆ ಆಷಾಢದ ಮಳೆನೀರು ಒಳಗೆ ಬಂದೀತೆಂಬ ಅವನ ಮಾತಿನಲ್ಲಿ ನ್ಯಾಯವಿದ್ದಿತು. ಮೂರು ದಿನ ವಾದವಾಡಿ ಒಂದೂವರೆ ಅಡಿಗೆ ಒಪ್ಪಿದೆವು. 18 ಅಡಿಯ ಇಳಿಜಾರು ಮನೆಯ ಮಗ್ಗುಲಲ್ಲಿ ತಿರುಗಿಕೊಂಡು ಬಂದಿತು; ತಿರುವಿನಲ್ಲಿ ಕುರ್ಚಿ ನಿಲ್ಲಲು ಸಮತಟ್ಟಾದ ಸ್ಥಳ, ಪಕ್ಕದಲ್ಲಿ ಹಿಡಿಕೆ. ಬಾಗಿಲಿನ ತೆರಪು 900 ಮಿಲಿಮೀಟರು, ಅಂದರೆ ಸುಮಾರು ಮೂರಡಿ. ಹೊಸಿಲು ಮಾತ್ರ ದೊಡ್ಡ ಜಗಳವಾಯಿತು. ಹೊಸಿಲಿಲ್ಲದ ಮನೆಗೆ ಬರುವುದಿಲ್ಲವೆಂದು ತಾಯಿಯವರೇ ಹಟ ಹಿಡಿದರು. ಕಡೆಗೆ ನೆಲದ ಮಟ್ಟಕ್ಕೇ ಒಂದು ಕರಿಕಲ್ಲನ್ನು ಕೂರಿಸಿದೆವು. ಶುಕ್ರವಾರಗಳಲ್ಲಿ ಅದಕ್ಕೇ ಅರಿಸಿನ ಕುಂಕುಮ ಸಲ್ಲುತ್ತಿದೆ.

ಮಾಡಿನ ವಿಷಯದಲ್ಲಿ ನಂಟರೆಲ್ಲರೂ ಕಾಂಕ್ರೀಟು ತಾರಸಿಯ ಪಕ್ಷಪಾತಿಗಳು. ಹಗಲೆಲ್ಲ ಬಿಸಿಲು ಕುಡಿದ ತಾರಸಿಯು ರಾತ್ರಿ ಅದನ್ನು ಒಳಗೆ ಕಾರುತ್ತದೆ. ಹೆಂಚಿನ ಮಾಡಿನಲ್ಲಿಯಾದರೋ ಕಾದ ಗಾಳಿ ಸಂದುಗಳಿಂದ ಹೊರಬೀಳುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಹುಲ್ಲಿನ ಮಾಡಿನಂತೆ ಹೆಂಚು ಕಿಡಿಗೆ ಹತ್ತಿಕೊಳ್ಳುವುದಿಲ್ಲವೆಂಬುದು ಅದರ ದೊಡ್ಡ ಗುಣ. ನಡುಮನೆಗೆ ಹೆಂಚನ್ನೇ ಹೊದಿಸಿ, ಮಿಕ್ಕ ತಾರಸಿಗೆ ಬಿಳಿಯ ಬಣ್ಣ ಬಳಿಸಿದೆನು. ವಾಸದ ಮನೆಗಳ ವಿದ್ಯುಚ್ಛಕ್ತಿಯ ಮಿತವ್ಯಯಕ್ಕಾಗಿ 2018ರಲ್ಲಿ ಹೊರಬಂದ ಇಕೋ ನಿವಾಸ ಸಂಹಿತೆಯು, ಬೆಂಗಳೂರಿನಂಥ ಸಮಶೀತೋಷ್ಣ ಹವೆಯಲ್ಲಿ ನೆಲದ ಎಂಟನೆಯ ಒಂದು ಪಾಲಿನಷ್ಟು ತೆರಪು ಕಿಟಕಿ ಬಾಗಿಲುಗಳಲ್ಲಿ ತೆರೆಯುವಂತಿರಬೇಕೆನ್ನುತ್ತದೆ. ಸಣ್ಣ ಮನೆಗಳಿಗೆ ಅದು ಅನ್ವಯಿಸದಿದ್ದರೂ ಲೆಕ್ಕವನ್ನು ಎರವಲು ಪಡೆದೆನು. 120 ಚದರಡಿಯ ಕೋಣೆಗೆ 15 ಚದರಡಿ. ಸರಿಯುವ ಗಾಜಿನ ಕಿಟಕಿಗಳಲ್ಲಿ ಅರ್ಧವಷ್ಟೇ ತೆರೆಯುತ್ತದೆಂಬುದನ್ನು ಅಂಗಡಿಯವರು ಹೇಳುವುದಿಲ್ಲ.

ಕಳ್ಳರ ಭಯಕ್ಕೆ ನಾವು ಹಾಕುವ ಕಬ್ಬಿಣದ ಸರಳುಗಳು ಬೆಂಕಿಯ ದಿನ ನಮ್ಮನ್ನೇ ಸೆರೆಯಿಡುತ್ತವೆ. ತಾಯಿಯವರ ಕೋಣೆಯ ಒಂದು ಕಿಟಕಿಯ ಸರಳುಗಳಿಗೆ ತಿರುಗಣಿಯಿಟ್ಟು ಒಳಗಿನಿಂದ ತೆರೆಯುವಂತೆ ಮಾಡಿಸಿದೆನು. ಅಡಿಗೆಮನೆಯ ಗೋಡೆಯಲ್ಲಿ ನೆಲದ ಹತ್ತಿರ ಜಾಲರಿಯ ಕಿಂಡಿಯೊಂದನ್ನು ಬಿಡಿಸಿದಾಗ ಮೇಸ್ತ್ರಿಗೆ ಸೋಜಿಗ. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದ ಮೇಲೆಯೇ ಹರಡುತ್ತದೆಂದು ತಿಳಿಸಿದ ಮೇಲೆ, ತನ್ನ ಮನೆಯ ಅಡಿಗೆಕೋಣೆಗೂ ಅಂಥದೇ ಕಿಂಡಿಯನ್ನು ಕೊರೆದನಂತೆ.

ನಿಮ್ಮಲ್ಲಿ ಅನೇಕರು ಉಪಾಧ್ಯಾಯಿನಿಯರಾಗಿದ್ದೀರಿ. 2004ನೆಯ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಅಡಿಗೆಯ ಬೆಂಕಿಯು ಹುಲ್ಲುಮಾಡಿಗೆ ತಗುಲಿ 94 ಮಕ್ಕಳು ಮಡಿದರು. 2009ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳ ಕಟ್ಟಡಗಳು ಈ ಸಂಹಿತೆಯಂತೆ ಸುರಕ್ಷಿತವಾಗಿರಬೇಕೆಂದು ಆಜ್ಞಾಪಿಸಿತು. 2010ನೆಯ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಹೊಗೆ ತುಂಬಿ ಒಂಬತ್ತು ಮಂದಿ ತೀರಿಕೊಂಡರು. ನಿಮ್ಮ ತರಗತಿಯ ಎರಡನೆಯ ಬಾಗಿಲಿಗೆ ಮುರಿದ ಬೆಂಚುಗಳನ್ನು ಒಟ್ಟಿದ್ದರೆ ನಾಳೆಯೇ ತೆಗೆಸಿರಿ. ಅದಕ್ಕೆ ಯಾವ ಮಂಜೂರಾತಿಯೂ ಬೇಡ.

ಗೃಹಪ್ರವೇಶದ ದಿನ ತಾಯಿಯವರು ಯಾರ ಕೈಯನ್ನೂ ಹಿಡಿಯದೆ ಕುರ್ಚಿಯನ್ನು ತಾವೇ ನೂಕಿಕೊಂಡು, ತಿರುವಿನಲ್ಲಿ ಒಮ್ಮೆ ನಿಂತು ದಣಿವಾರಿಸಿಕೊಂಡು ಒಳಬಂದರು. ಹಿತ್ತಿಲ ಬಾಗಿಲಿಗೆ ಇಳಿಜಾರು ಇನ್ನೂ ಆಗಿಲ್ಲ, ಎರಡು ಮೆಟ್ಟಿಲುಗಳಿವೆ. ಮಳೆಗಾಲ ಕಳೆಯಲೆಂದು ಮೇಸ್ತ್ರಿಯು ಹೇಳಿದ್ದಾನೆ. ಅಲ್ಲಿಯವರೆಗೆ ಉದ್ದನೆಯ ಹಲಸಿನ ಹಲಗೆಯೊಂದನ್ನು ಆ ಬಾಗಿಲ ಹೊರಗೆ ಒರಗಿಸಿಟ್ಟಿದ್ದೇವೆ. ಮಲಗುವ ಮುನ್ನ ಅದು ಅಲ್ಲಿದೆಯೇ ಎಂದು ನಾನೇ ಹೋಗಿ ನೋಡಿಬರುತ್ತೇನೆ.