ವ್ಯಾಟ್ ಎಷ್ಟು ಅಂತಲ್ಲ, ಮಾತು ತಿಳಿಯುತ್ತಾ ಅಂತ ಕೇಳಿ

ನಮ್ಮ ಕಡೆ ಯಾರಾದರೂ ಹೋಮ್ ಥಿಯೇಟರ್ ತಂದರೆ, ನೋಡಲು ಹೋದವರು ಕೇಳುವ ಮೊದಲ ಪ್ರಶ್ನೆ ಒಂದೇ: 'ಎಷ್ಟು ವ್ಯಾಟು?' ತಂದವರು ಡಬ್ಬದ ಮೇಲಿರುವ ದೊಡ್ಡ ಅಂಕಿ ಓದಿ ಹೇಳುತ್ತಾರೆ. ಆಮೇಲೆ ಒಂದು ಹಾಡು ಹಾಕುತ್ತಾರೆ. ಗೋಡೆ ಮೇಲಿನ ಕ್ಯಾಲೆಂಡರ್ ನಡುಗಿದರೆ ಸೆಟ್ ಚೆನ್ನಾಗಿದೆ ಅಂತ ಲೆಕ್ಕ. ಕಳೆದ ವರ್ಷ ನಮ್ಮ ಮನೆಗೂ ಒಂದು ಬೇಕು ಅಂತ ಹುಡುಕಲು ಹೊರಟಾಗ, ಕ್ಯಾಲೆಂಡರ್ ನಡುಗುವ ಸದ್ದು ನನಗೆ ಬೇಕಿರಲಿಲ್ಲ. ಅಪ್ಪನಿಗೆ ಟಿವಿಯ ಮಾತು ತಿಳಿಯಬೇಕಿತ್ತು, ಅಷ್ಟೇ.

ನಮ್ಮೂರು ತಿಪಟೂರು ತಾಲ್ಲೂಕಿನಲ್ಲಿದೆ. ಅಪ್ಪ ಇಪ್ಪತ್ತೆಂಟು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಊರಿನವರ ಬಾಯಲ್ಲಿ ಅದು 'ಮಿಷನ್ನು'. ಬೆಲ್ಟಿನ ಸದ್ದು, ಕಲ್ಲಿನ ಸದ್ದು, ಅದರ ಮೇಲೆ ಕೂಗಿ ಮಾತಾಡುವ ಗಿರಾಕಿಗಳು. ಕಿವಿಗೆ ಹತ್ತಿ ಇಟ್ಟುಕೊಳ್ಳುವ ರೂಢಿಯೂ ಇರಲಿಲ್ಲ. ಈಗ ಅಪ್ಪನಿಗೆ ಅರವತ್ತೈದು. ಹಿಂದಿನಿಂದ ಕೂಗಿದರೆ ತಿರುಗಿ ನೋಡುತ್ತಾರೆ. ಆದರೆ ಕೂಗಿದ್ದು ಏನು ಅಂತ ತಿಳಿಯುವುದಿಲ್ಲ.

ಟಿವಿ ಮುಂದೆ ಕೂತಾಗ 'ಏನಂದ ಅವನು?' ಅಂತ ಕೇಳುತ್ತಿದ್ದರು. ಮೊದಮೊದಲು ನಾವು ಹೇಳುತ್ತಿದ್ದೆವು. ಒಂದು ವಾರ್ತೆ ಮುಗಿಯುವುದರೊಳಗೆ ಹತ್ತು ಸಲ ಹೇಳಿದ ಮೇಲೆ ಅಮ್ಮ 'ಏನಿಲ್ಲ, ಸುಮ್ನೆ ನೋಡಿ' ಅನ್ನಲು ಶುರು ಮಾಡಿದರು. ನಾವೂ ಹಾಗೇ ಅಂದೆವು. ಸ್ವಲ್ಪ ದಿನಕ್ಕೆ ಅಪ್ಪ ಕೇಳುವುದನ್ನೇ ಬಿಟ್ಟರು. ಎಂಟು ಗಂಟೆಗೆ ಊಟ ಮುಗಿಸಿ ಒಳಗೆ ಹೋಗಿ ಮಲಗುವುದು ಅಭ್ಯಾಸವಾಯಿತು. ಸದ್ದು ಜಾಸ್ತಿ ಮಾಡಿ ನೋಡಿದೆವು. ಪಕ್ಕದ ಮನೆಯ ಎಸ್ಸೆಸ್ಸೆಲ್ಸಿ ಹುಡುಗಿಗೆ ಓದಲು ತೊಂದರೆಯಾಯಿತೇ ಹೊರತು, ಅಪ್ಪನಿಗೆ ಮಾತು ತಿಳಿಯಲಿಲ್ಲ.

ಇದು ಯಾಕೆ ಹೀಗೆ ಅಂತ ಮೊದಲು ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಯಾವ ಸೆಟ್ ತಂದರೂ ಪ್ರಯೋಜನವಿಲ್ಲ.

'ಕಾಯಿ', 'ತಾಯಿ', 'ಸಾಯಿ' ಈ ಮೂರು ಮಾತನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಮೂರರಲ್ಲೂ 'ಆಯಿ' ಒಂದೇ. ಅದೇ ಗಟ್ಟಿಯಾಗಿ ಕೇಳಿಸುವ ಭಾಗ. ವ್ಯತ್ಯಾಸ ಇರುವುದು ಮೊದಲಿಗೆ ಬಂದು ಹೋಗುವ ಕ್, ತ್, ಸ್ ಎಂಬ ಸಣ್ಣ ಸದ್ದಿನಲ್ಲಿ. ಸ್ವರಗಳ ಬಲವೆಲ್ಲ ಹೆಚ್ಚಾಗಿ ತಗ್ಗಿನ ನಾದದಲ್ಲಿರುತ್ತದೆ. ಕ, ಚ, ತ, ಸ ಇವುಗಳ ಗುರುತು ಇರುವುದು ಏರುನಾದದಲ್ಲಿ, ಸುಮಾರು 2000 ಹರ್ಟ್ಸ್‌ನಿಂದ ಮೇಲೆ. ವರ್ಷಗಟ್ಟಲೆ ದೊಡ್ಡ ಸದ್ದಿನಲ್ಲಿ ಕೆಲಸ ಮಾಡಿದವರ ಕಿವಿ ಮೊದಲು ಕೆಡುವುದೂ ಅಲ್ಲೇ, 4000 ಹರ್ಟ್ಸ್ ಆಸುಪಾಸಿನಲ್ಲಿ. ಅದಕ್ಕೇ ಅವರಿಗೆ ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. 'ಆಯಿ' ಅಂತ ಕೇಳುತ್ತದೆ. ಕಾಯಿಯೋ ತಾಯಿಯೋ ಅಂತ ಅವರೇ ಊಹೆ ಮಾಡಿಕೊಳ್ಳಬೇಕು.

ಇನ್ನೊಂದು ವಿಷಯ. ತಗ್ಗಿನ ನಾದ ಜೋರಾಗಿದ್ದರೆ ಅದು ಏರುನಾದವನ್ನು ಮುಚ್ಚಿಹಾಕುತ್ತದೆ. ಮಿಷನ್ ಪಕ್ಕ ನಿಂತು ಮಾತಾಡಿದ ಹಾಗೆ. ಅಂದರೆ ಧಡ್ ಧಡ್ ಅನ್ನುವ ದೊಡ್ಡ ವೂಫರ್ ತಂದು ಅಪ್ಪನ ಮುಂದೆ ಇಟ್ಟರೆ, ಉಳಿದಿದ್ದ ಮಾತೂ ಅದರಡಿ ಹೂತುಹೋಗುತ್ತದೆ. ನಮ್ಮ ಚಿಕ್ಕಪ್ಪನ ಮನೆಯ ಸೆಟ್‌ನಲ್ಲಿ ಆಗಿದ್ದು ಅದೇ. ಅಪ್ಪ ಅಲ್ಲಿ ಅರ್ಧ ಗಂಟೆ ಕೂತು 'ತಲೆ ನೋಯ್ತದೆ' ಅಂತ ಎದ್ದು ಬಂದರು.

ಈಗ ವ್ಯಾಟಿನ ವಿಚಾರಕ್ಕೆ ಬರೋಣ. ಪೇಟೆಯ ಅಂಗಡಿಯೊಂದರಲ್ಲಿ ನನಗೆ ₹7,500ರ ಸೆಟ್ ತೋರಿಸಿದರು. ಡಬ್ಬದ ಮೇಲೆ '5000 ವ್ಯಾಟ್ ಪಿಎಂಪಿಒ' ಅಂತ ಇತ್ತು. ಪೆಟ್ಟಿಗೆ ತಿರುಗಿಸಿ ಹಿಂದಿನ ಚೀಟಿ ಓದಿದೆ. ಅದು ಕರೆಂಟಿನಿಂದ ಎಳೆಯುವುದೇ 60 ವ್ಯಾಟ್. ನಮ್ಮ ತೋಟದ 5 ಎಚ್‌ಪಿ ಮೋಟಾರ್ ಅಂದರೆ ಸುಮಾರು 3,700 ವ್ಯಾಟ್. ಮೋಟಾರಿಗಿಂತ ಹೆಚ್ಚು ಶಕ್ತಿಯನ್ನು ಒಂದು ಸಣ್ಣ ಪಿನ್ನಿನ ವೈರಿನಲ್ಲಿ ಎಳೆದು ಸದ್ದು ಮಾಡುವ ಪೆಟ್ಟಿಗೆ ಎಲ್ಲಾದರೂ ಇದೆಯೇ? ಒಂದು ಲೀಟರ್ ಹಾಲು ಹಾಕಿ ಹತ್ತು ಲೀಟರ್ ಮಜ್ಜಿಗೆ ತೆಗೆದ ಹಾಗೆ ಇದು; ಉಳಿದದ್ದೆಲ್ಲ ನೀರು. ಪಿಎಂಪಿಒ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಒಂದು ಅಳತೆ ಇಲ್ಲ. ನೋಡಬೇಕಾದ್ದು 'ಆರ್‌ಎಂಎಸ್' ಅಂಕಿಯನ್ನು. ಅದರಲ್ಲೂ ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ನಡುಮನೆಯಲ್ಲಿ ಕೂತು ವಾರ್ತೆ ಕೇಳಲು ಒಂದು ಸ್ಪೀಕರಿಗೆ ನಿಜವಾಗಿ ಖರ್ಚಾಗುವುದು ಒಂದೆರಡು ವ್ಯಾಟ್ ಇದ್ದರೆ ಹೆಚ್ಚು.

ಹಾಗಾದರೆ ದುಡ್ಡು ಯಾವುದಕ್ಕೆ ಕೊಡಬೇಕು? ಇಲ್ಲಿಯೇ ರಿಸೀವರ್ ಬರುವುದು. 5.1 ಅಂದರೆ ಐದು ಸ್ಪೀಕರ್ ದಾರಿ, ಜೊತೆಗೆ ತಗ್ಗಿನ ನಾದಕ್ಕೆ ಒಂದು ವೂಫರ್ ದಾರಿ. ಐದರಲ್ಲಿ ಎರಡು ಮುಂದೆ ಎಡಬಲಕ್ಕೆ, ಎರಡು ಕೂತವರ ಪಕ್ಕಕ್ಕೆ ಅಥವಾ ಹಿಂದಕ್ಕೆ, ಒಂದು ಟಿವಿಯ ಕೆಳಗೆ ನಡುವೆ. ಈ ನಡುವಿನದಕ್ಕೆ ಸೆಂಟರ್ ಅನ್ನುತ್ತಾರೆ. 5.1ರಲ್ಲಿ ಬರುವ ಸಿನಿಮಾದಲ್ಲಿ ಮಾತಿನ ಬಹುಪಾಲು ಬರುವುದು ಈ ಸೆಂಟರಿನಿಂದಲೇ. ಒಳ್ಳೆಯ ಎವಿ ರಿಸೀವರಿನಲ್ಲಿ ಪ್ರತಿ ಸ್ಪೀಕರಿನ ಮಟ್ಟವನ್ನೂ ಬೇರೆಬೇರೆಯಾಗಿ ಏರಿಸಬಹುದು, ಇಳಿಸಬಹುದು. ಸೆಂಟರ್ ಒಂದನ್ನೇ 3ರಿಂದ 6 ಡೆಸಿಬಲ್ ಏರಿಸಿದರೆ ಮಾತು ಮುಂದೆ ಬರುತ್ತದೆ. ಹಾಡು, ಹೊಡೆದಾಟದ ಸದ್ದು ಇದ್ದಲ್ಲೇ ಇರುತ್ತದೆ. ಪಕ್ಕದ ಮನೆಗೂ ತೊಂದರೆ ಇಲ್ಲ.

'ನಮ್ಮ ಡಿಶ್‌ನಲ್ಲಿ ಬರುವ ಚಾನೆಲ್‌ಗಳು 5.1 ಅಲ್ಲವಲ್ಲ' ಅಂತ ನೀವು ಕೇಳಬಹುದು. ನಿಜ, ಹೆಚ್ಚಿನವು ಎರಡೇ ದಾರಿಯವು. ಆದರೆ ರಿಸೀವರಿನಲ್ಲಿ 'ಡಾಲ್ಬಿ ಪ್ರೊ ಲಾಜಿಕ್' ಅಥವಾ 'ಡಾಲ್ಬಿ ಸರೌಂಡ್' ಅಂತ ಒಂದು ಆಯ್ಕೆ ಇರುತ್ತದೆ. ಎಡ ಬಲ ಎರಡರಲ್ಲೂ ಒಂದೇ ಸಮನಾಗಿ ಇರುವ ಸದ್ದನ್ನು ಅದು ಹೆಕ್ಕಿ ಸೆಂಟರಿಗೆ ಕಳಿಸುತ್ತದೆ. ವಾರ್ತೆ ಓದುವವರ ದನಿ, ಧಾರಾವಾಹಿಯ ಮಾತು ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಆದ್ದರಿಂದ ಮಾತೆಲ್ಲ ನಡುವಿಗೆ ಬಂದು ಸೇರುತ್ತದೆ.

ಯಮಹಾ ಆರ್‌ಎಕ್ಸ್-ವಿ385, ಸೋನಿ ಎಸ್‌ಟಿಆರ್-ಡಿಎಚ್590, ಡೆನಾನ್ ಎವಿಆರ್-ಎಕ್ಸ್250ಬಿಟಿ ಇವೆಲ್ಲ ಕಡಿಮೆ ಬೆಲೆಯ ಸಾಲಿನಲ್ಲಿ ಬಂದ ರಿಸೀವರ್‌ಗಳು. ಮೊದಲ ಎರಡರ ಜೊತೆ ಒಂದು ಪುಟ್ಟ ಮೈಕು ಬರುತ್ತದೆ. ಅದನ್ನು ಕೂರುವ ಜಾಗದಲ್ಲಿ ಇಟ್ಟರೆ ರಿಸೀವರ್ ತಾನೇ ಸದ್ದು ಮಾಡಿ, ಸ್ಪೀಕರ್ ಎಷ್ಟು ದೂರ ಇದೆ ಅಂತ ಅಳೆದುಕೊಳ್ಳುತ್ತದೆ. 'ಕಡಿಮೆ ಬೆಲೆ' ಅಂದರೂ ಹೊಸದು ನಮ್ಮ ಕೈಗೆ ಎಟುಕುವಂಥದ್ದಲ್ಲ. ನಮ್ಮ ಹತ್ತಿರ ಇದ್ದದ್ದು ಒಂದು ಕಂತಿನ ಕೊಬ್ಬರಿ ದುಡ್ಡು. ಅದರಲ್ಲೂ ಗೊಬ್ಬರದ ಬಾಕಿ ತೀರಿಸಿ ಉಳಿದದ್ದು.

ಹಾಗಾಗಿ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ಹಳೆಯದನ್ನು ನೋಡಿದೆ. ಒಂದು 5.1 ರಿಸೀವರ್ ₹11,500. ಹಳೆಯ ಜೋಡಿ ಸ್ಪೀಕರ್ ₹5,000. ಸೆಂಟರ್ ಸ್ಪೀಕರ್ ₹3,000. ವೈರು ₹600. ಊರಲ್ಲಿ ತಂದ ಸ್ಟೆಬಿಲೈಸರ್ ₹1,900. ಒಟ್ಟು ₹22,000. ವೂಫರ್ ಇಲ್ಲ, ಹಿಂದಿನ ಸ್ಪೀಕರ್‌ಗಳಿಲ್ಲ. ಮೂರೇ ಸ್ಪೀಕರ್. ಮೆನುವಿನಲ್ಲಿ ವೂಫರ್ 'ಇಲ್ಲ', ಸರೌಂಡ್ 'ಇಲ್ಲ' ಅಂತ ಹೇಳಿಬಿಟ್ಟರೆ ರಿಸೀವರ್ ಎಲ್ಲ ಸದ್ದನ್ನೂ ಈ ಮೂರಕ್ಕೇ ಹಂಚುತ್ತದೆ. ಮುಂದೆ ದುಡ್ಡಾದಾಗ ಒಂದೊಂದಾಗಿ ಸೇರಿಸಬಹುದು. ಡಬ್ಬದ ಸೆಟ್‌ಗಳಲ್ಲಿ ಈ ಅನುಕೂಲ ಕಡಿಮೆ. ಒಂದು ಭಾಗ ಕೆಟ್ಟರೆ ಎಷ್ಟೋ ಸಲ ಇಡೀ ಸೆಟ್ಟೇ ಮೂಲೆ ಸೇರುತ್ತದೆ.

ಹಳೆಯ ರಿಸೀವರ್ ಕೊಳ್ಳುವಾಗ ಇಷ್ಟು ನೋಡಿ. ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ. ಸುಟ್ಟ ವಾಸನೆ ಬಂದರೆ ಅಥವಾ ತಾನಾಗಿ ಆಫ್ ಆದರೆ ಬೇಡ. ಎಚ್‌ಡಿಎಂಐ ತೂತುಗಳಿಗೆ ಒಂದೊಂದಕ್ಕೂ ವೈರ್ ಹಾಕಿ ಟಿವಿಯಲ್ಲಿ ಚಿತ್ರ ಬರುತ್ತದೆಯೇ ನೋಡಿ. ಮೆನುವಿನಲ್ಲಿ 'ಟೆಸ್ಟ್ ಟೋನ್' ಹಾಕಿದರೆ ಒಂದೊಂದೇ ಸ್ಪೀಕರಿನಿಂದ 'ಶ್ಶ್' ಅಂತ ಸದ್ದು ಬರುತ್ತದೆ. ಎಲ್ಲ ದಾರಿಗೂ ಒಂದು ಸ್ಪೀಕರ್ ಸಿಕ್ಕಿಸಿ ಕೇಳಿ. ರಿಮೋಟ್ ಇಲ್ಲದೆ ಮನೆಗೆ ತರಬೇಡಿ. ಸ್ಪೀಕರ್ ಹಿಂದೆ 6 ಅಥವಾ 8 ಓಮ್ ಅಂತ ಇರಲಿ. 4 ಓಮ್ ಸ್ಪೀಕರ್ ಹಾಕಿದರೆ ಸಣ್ಣ ರಿಸೀವರ್ ಬಿಸಿಯಾಗುತ್ತದೆ. ಸ್ಪೀಕರ್ ವೈರಿನ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಮನೆ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ವೈರೇ ನಮ್ಮಂಥ ಕೋಣೆಗಳಿಗೆ ಧಾರಾಳ.

ಟಿವಿಗೆ ಜೋಡಿಸಲು 'ಎಆರ್‌ಸಿ' ಅಂತ ಬರೆದ ಎಚ್‌ಡಿಎಂಐ ತೂತು ಎರಡೂ ಕಡೆ ಇರಬೇಕು. ಇಲ್ಲದಿದ್ದರೆ ಆಪ್ಟಿಕಲ್ ವೈರ್ ಸಾಕು. ಡಾಲ್ಬಿ ಡಿಜಿಟಲ್ 5.1 ಅದರಲ್ಲೂ ಬರುತ್ತದೆ. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ 'ಪಿಸಿಎಂ' ಬಿಟ್ಟು 'ಆಟೋ' ಅಥವಾ 'ಬಿಟ್‌ಸ್ಟ್ರೀಮ್' ಮಾಡಿ. ರಿಸೀವರಿನಲ್ಲಿ 'ನೈಟ್ ಮೋಡ್' ಅಥವಾ 'ಡಿಆರ್‌ಸಿ' ಇದ್ದರೆ ಹಾಕಿಡಿ. ಡಾಲ್ಬಿಯಲ್ಲಿ ಬರುವ ಸಿನಿಮಾದಲ್ಲಿ ಪಿಸುಮಾತು ತೀರಾ ಸಣ್ಣದು, ಸ್ಫೋಟ ತೀರಾ ದೊಡ್ಡದು ಅನ್ನುವ ಅಂತರವನ್ನು ಅದು ಕಡಿಮೆ ಮಾಡುತ್ತದೆ.

ಜಾಗದ ವಿಚಾರ. ನಮ್ಮ ಮನೆಗಳಲ್ಲಿ ಟಿವಿಯನ್ನು ದೇವರ ಪಟದ ಎತ್ತರಕ್ಕೆ ಏರಿಸಿರುತ್ತೇವೆ. ಸೆಂಟರ್ ಸ್ಪೀಕರನ್ನು ಅಲ್ಲಿ ಇಡಬೇಡಿ. ಕೂತವರ ಮುಖಕ್ಕೆ ನೇರವಾಗಿ, ಮೇಜಿನ ಅಂಚಿಗೆ ಇಡಿ. ತಗ್ಗಿನಲ್ಲಿದ್ದರೆ ಮುಂದಿನ ಅಂಚಿನಡಿ ಒಂದು ಮರದ ಚಕ್ಕೆ ಕೊಟ್ಟು ಮೂತಿ ಮೇಲಕ್ಕೆ ಮಾಡಿ. ಆರ್‌ಸಿಸಿ ಮನೆಯ ಖಾಲಿ ನಡುಮನೆ ಬಾವಿಯಂತೆ ಮಾರ್ದನಿ ಕೊಡುತ್ತದೆ. ಅದೂ ಮಾತನ್ನು ಕಲಸಿಬಿಡುತ್ತದೆ. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಕಂಬಳಿ ಹಾಸಿದರೆ ಅರ್ಧ ಸರಿಹೋಗುತ್ತದೆ, ಅದಕ್ಕೆ ದುಡ್ಡೂ ಬೇಡ. ರಿಸೀವರ್ ಮೇಲೆ ಒಂದು ಗೇಣು ಜಾಗ ಬಿಡಿ, ಚಂದಕ್ಕೆ ಅಂತ ಕಸೂತಿ ಬಟ್ಟೆ ಹೊದಿಸಬೇಡಿ. ಸಂಜೆ ವೋಲ್ಟೇಜ್ ಇಳಿಯುವುದು, ತೋಟದ ಮೋಟಾರ್‌ಗಳೆಲ್ಲ ನಿಂತಾಗ ಏರುವುದು ನಿಮಗೆ ಗೊತ್ತೇ ಇದೆ; ಸ್ಟೆಬಿಲೈಸರ್ ಇರಲಿ. ಯುಗಾದಿ ಆದಮೇಲೆ ಗುಡುಗು ಮಳೆ ಶುರುವಾದರೆ ಪ್ಲಗ್ ಕೀಳಿ. ಡಿಶ್ ವೈರನ್ನೂ ಕೀಳಿ, ಯಾಕೆಂದರೆ ಸಿಡಿಲಿನ ಕರೆಂಟು ಆ ದಾರಿಯಲ್ಲೂ ಬರಬಹುದು. ಸ್ಟೆಬಿಲೈಸರ್ ಸಿಡಿಲನ್ನು ತಡೆಯುವುದಿಲ್ಲ.

ಅಪ್ಪನ ವಿಷಯ ಹೇಳುತ್ತೇನೆ. ಸೆಂಟರನ್ನು 5 ಡೆಸಿಬಲ್ ಏರಿಸಿ ಇಟ್ಟಿದ್ದೇವೆ. ಮೊದಲ ವಾರ ಅವರು ಏನೂ ಹೇಳಲಿಲ್ಲ. ಆದರೆ ಮಲಗಲು ಹೋಗುವ ಹೊತ್ತು ಎಂಟರಿಂದ ಒಂಬತ್ತಕ್ಕೆ ಬಂತು. ಒಂದು ದಿನ ವಾರ್ತೆಯಲ್ಲಿ ಕೊಬ್ಬರಿ ಧಾರಣೆ ಬಂದಾಗ 'ಅದು ಸುಳ್ಳು, ಮಾರ್ಕೆಟ್ಟಲ್ಲಿ ನೆನ್ನೆ ಅಷ್ಟು ಕೂಗಲೇ ಇಲ್ಲ' ಅಂತ ಟಿವಿಯ ಜೊತೆ ಜಗಳಕ್ಕೆ ನಿಂತರು. ಎಲ್ಲ ಮಾತೂ ತಿಳಿಯುತ್ತದೆ ಅಂತಲ್ಲ. ನಡುವೆ 'ಏನಂದ?' ಅಂತ ಮತ್ತೆ ಕೇಳಲು ಶುರು ಮಾಡಿದ್ದಾರೆ. ಅಮ್ಮ ಈಗ ಹೇಳುತ್ತಾರೆ. ಹತ್ತು ಸಲ ಹೇಳುವುದು ಕಷ್ಟ, ಎರಡು ಸಲ ಹೇಳುವುದು ಕಷ್ಟವಲ್ಲ.

ಒಂದು ಮಾತು ಮಾತ್ರ ಸ್ಪಷ್ಟವಾಗಿರಲಿ. ರಿಸೀವರ್ ಕಿವಿಗೆ ಔಷಧಿ ಅಲ್ಲ. ಮನೆಯಲ್ಲಿ ಯಾರಿಗಾದರೂ ಮಾತು ತಿಳಿಯುತ್ತಿಲ್ಲ ಅಂದರೆ ಮೊದಲು ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಪರೀಕ್ಷೆ ಮಾಡಿ, ಶ್ರವಣ ಸಾಧನ ಬೇಕೋ ಬೇಡವೋ ಅಂತ ಹೇಳುವ ಪರಿಣತರು ಅಲ್ಲಿದ್ದಾರೆ. ಗಿರಣಿ, ವೆಲ್ಡಿಂಗ್, ಬೋರ್‌ವೆಲ್ ಲಾರಿ, ಟ್ರ್ಯಾಕ್ಟರ್ ಕೆಲಸದಲ್ಲಿರುವ ಹುಡುಗರು ಈಗಲೇ ಕಿವಿಗೆ ಪ್ಲಗ್ ಹಾಕಿಕೊಳ್ಳಿ. ಆ ಸದ್ದಿನಿಂದ ಹೋದ ಶ್ರವಣ ಮತ್ತೆ ಬರುವುದಿಲ್ಲ.

ಇನ್ನು ಸೆಟ್ ಕೊಳ್ಳಲು ಹೊರಟರೆ, ಮನೆಯಲ್ಲಿ ಕಿವಿ ಮಂದವಾದವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಅಂಗಡಿಯವರು ಹಾಡು ಹಾಕುತ್ತೇನೆ ಅನ್ನುತ್ತಾರೆ. ಬೇಡ, ವಾರ್ತೆ ಹಾಕಿ ಅನ್ನಿ. ಸದ್ದು ಸಾಧಾರಣ ಇಡಲು ಹೇಳಿ. ಎರಡು ನಿಮಿಷ ಕೇಳಿದ ಮೇಲೆ, ಏನು ಸುದ್ದಿ ಬಂತು ಅಂತ ಅವರನ್ನೇ ಕೇಳಿ. ಅವರು ಸರಿಯಾಗಿ ಹೇಳಿದರೆ ಬೆಲೆ ಮಾತಾಡಿ. ಇಲ್ಲದಿದ್ದರೆ ಡಬ್ಬದ ಮೇಲೆ ಎಷ್ಟೇ ಸಾವಿರ ವ್ಯಾಟ್ ಬರೆದಿರಲಿ, ಮುಂದಿನ ಅಂಗಡಿಗೆ ಹೋಗಿ.