ಕಚ್ಚಿ ಕೂತ ಕ್ಲಾಂಪುಗಳು

ಅಂಟು ಹಚ್ಚಿದ ಎರಡು ಮರದ ತುಂಡುಗಳನ್ನು ಒಣಗುವವರೆಗೆ ಒತ್ತಿ ಹಿಡಿಯುವ ಕಬ್ಬಿಣದ ಸಾಧನವೇ ಕ್ಲಾಂಪು. ಬಡಗಿಗೆ ಅದು ಮೂರನೆಯ ಕೈ ಇದ್ದಂತೆ. ನಮ್ಮಣ್ಣನ ಬಳಿ ಅಂಥ ಆರು ಕೈಗಳಿದ್ದವು. ತೋಟದ ಕೆಲಸ ಮುಗಿಸಿ ಬಂದು ಮಣೆ, ಸ್ಟೂಲು ಮಾಡುವುದು ಅವನ ಹವ್ಯಾಸ. ಅವನು ತೀರಿಕೊಂಡ ಮೇಲೆ ಅವು ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಟ್ಟದಲ್ಲಿ ನಾಲ್ಕು ಮಳೆಗಾಲ ಕಳೆದವು. ಮಲೆನಾಡಿನ ಮಳೆಯಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರೊಡೆಯುತ್ತದೆ, ಇನ್ನು ಕಬ್ಬಿಣದ ಪಾಡೇನು! ಆರೂ ತುಕ್ಕು ಹಿಡಿದು ಬಿಗಿದುಕೊಂಡಿದ್ದವು. ಅದರಲ್ಲೊಂದು, ಅಣ್ಣ ಕೊನೆಯದಾಗಿ ಅಂಟಿಸಿದ್ದ ಎರಡು ಹಲಸಿನ ಹಲಗೆಗಳನ್ನು ಇನ್ನೂ ಕಚ್ಚಿಕೊಂಡೇ ಇತ್ತು.

"ಗುಜರಿಗೆ ಹಾಕಿಬಿಡೋಣ ಅಪ್ಪ" ಎಂದ ಮಗ. ಏಳನೇ ತರಗತಿಯ ಮೊಮ್ಮಗ "ಅಜ್ಜ, ಹೊಡೆದರೆ ಬಿಚ್ಚುತ್ತೆ" ಎಂದು ಸುತ್ತಿಗೆ ತಂದೇಬಿಟ್ಟ. ನಾನು ತಡೆದೆ. ಇಂಥ ಎಷ್ಟೋ ಕ್ಲಾಂಪುಗಳ ಮೈ ಎರಕದ ಕಬ್ಬಿಣದ್ದು. ಅದು ಬಾಗುವುದಿಲ್ಲ, ಜೋರು ಪೆಟ್ಟಿಗೆ ತುಂಡಾಗುತ್ತದೆ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದೆವು. ಶೇಷವಿಲ್ಲದೆ ಭಾಗವಾದರೆ, ಯಾರೋ ಅಂಕಿಗಳನ್ನು ಅದಲುಬದಲಾಗಿ ಬರೆದಿರಬಹುದೆಂಬ ಸುಳಿವು. 72ನ್ನು 27 ಎಂದು ಬರೆದರೆ ವ್ಯತ್ಯಾಸ 45. ಮಕ್ಕಳೇ, ನೀವೂ ಬೇರೆ ಅಂಕಿಗಳಲ್ಲಿ ಮಾಡಿ ನೋಡಿ. ಮೊದಲು ಕಾರಣ ಹುಡುಕಬೇಕು, ಆಮೇಲೆ ಕೈ ಹಾಕಬೇಕು ಎಂಬುದು ಅಲ್ಲಿ ಕಲಿತ ಪಾಠ.

ಕ್ಲಾಂಪು ಬಿಗಿಯಲು ಸಾಮಾನ್ಯವಾಗಿ ಎರಡು ಕಾರಣ: ತುಕ್ಕು, ಇಲ್ಲವೇ ಒಣಗಿದ ಅಂಟು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ತಿರುಪಿನ ಸುತ್ತುಗಳ ನಡುವಿನ ಕೂದಲೆಳೆಯಷ್ಟು ಸಂದಿಯನ್ನೂ ಅದು ತುಂಬಿಬಿಡುತ್ತದೆ.

ಐದು ಕ್ಲಾಂಪುಗಳದ್ದು ಬರೀ ತುಕ್ಕು. ಕೈಗವಸು ಹಾಕಿಕೊಂಡು ತಂತಿ ಬ್ರಷ್ಷಿನಿಂದ ಉಜ್ಜಿದೆವು. ಒಲೆ, ದೀಪಗಳಿಂದ ದೂರ ಅಂಗಳದಲ್ಲಿ ಕೂತು, ತಿರುಪಿಗೆ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಇಟ್ಟೆವು. ಇದು ದೊಡ್ಡವರು ಜೊತೆಗಿದ್ದೇ ಮಾಡಬೇಕಾದ ಕೆಲಸ. ಮರುದಿನ ಮೊಮ್ಮಗನಿಗೆ ಹೇಳಿದೆ: "ಬಿಚ್ಚುವ ಕಡೆಗೇ ಎಳೆಯಬೇಡ. ಮೊದಲು ಒಂಚೂರು ಬಿಗಿ ಮಾಡು, ಆಮೇಲೆ ಸಡಿಲಿಸು. ಹೀಗೇ ಆ ಕಡೆ, ಈ ಕಡೆ." ಹಾಗೆ ಮಾಡಿದಾಗ ತುಕ್ಕು ಪುಡಿಯಾಗಿ, ಎಣ್ಣೆ ಒಳಗಿಳಿಯುತ್ತದೆ. ನಾಲ್ಕು ಬಿಟ್ಟುಕೊಟ್ಟವು. ಐದನೆಯದರ ಎಣ್ಣೆಯನ್ನು ಸೋಪಿನಿಂದ ತೊಳೆದು, ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿದೆವು. ಹಿತ್ತಾಳೆ ಪಾತ್ರೆ ಬೆಳಗುವ ಅಜ್ಜಿಯರಿಗೆ ಆ ಹುಳಿಯ ಶಕ್ತಿ ಗೊತ್ತೇ ಇದೆ, ಅದು ತುಕ್ಕನ್ನೂ ಕರಗಿಸುತ್ತದೆ. ಆಮೇಲೆ ಅಡುಗೆ ಸೋಡದ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿದೆವು.

ಆರನೆಯದೇ ಕಷ್ಟದ್ದು. ಹಲಗೆಯ ಅಂಟು ತಿರುಪಿನ ಮೇಲೆ ಇಳಿದು ಒಣಗಿತ್ತು. ನೆನೆಹಾಕಿದರೆ ಅಣ್ಣನ ಹಲಗೆ ಹಾಳು, ಬಲ ಹಾಕಿದರೆ ಕ್ಲಾಂಪು ಹಾಳು. ಮರಗೆಲಸದ ಬಿಳಿ ಅಂಟು ಬಿಸಿಗೂ ನೀರಿಗೂ ಮೆತ್ತಗಾಗುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹಲಗೆಗೆ ತಾಗದಂತೆ ತಿರುಪಿಗೆ ಸುತ್ತಿ, ಮೆತ್ತಗಾದ ಅಂಟನ್ನು ಬಿದಿರ ಕಡ್ಡಿಯಿಂದ ಕೆರೆದೆವು. ಒಣಗಿದ ಮೇಲೆ ಹತ್ತಿಯಲ್ಲಿ ಒಂದೊಂದೇ ಹನಿ ಎಣ್ಣೆ. ಹೀಗೆ ಮೂರು ದಿನ. ಸಂಧಿವಾತದ ನನ್ನ ಬೆರಳುಗಳಿಗೆ ಹಿಡಿ ತಿರುಗಿಸಲು ಆಗುತ್ತಿರಲಿಲ್ಲ, ಅದು ಮೊಮ್ಮಗನ ಪಾಲು. ನಾಲ್ಕನೆಯ ದಿನ 'ಟಕ್' ಎಂದಿತು. "ಬಂತು ಅಜ್ಜ!" ಎಂದು ಕೂಗಿದ.

ಹಲಗೆಗಳು ಕೈಗೆ ಬಂದವು. ಅಣ್ಣ ಹಾಕಿದ ಬೆಸುಗೆ ಕೂದಲಷ್ಟೂ ಬಿಟ್ಟಿರಲಿಲ್ಲ. ಗುಜರಿ ಎಂದಿದ್ದ ಮಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಏನೂ ಮಾತಾಡದೆ ಉಪ್ಪುಕಾಗದ ತಂದು ಉಜ್ಜಲು ಕೂತ. ಈಗದು ದೇವರ ಮನೆಯಲ್ಲಿ ಮಣೆಯಾಗಿದೆ.

ನಿಮ್ಮ ಮನೆಯಲ್ಲೂ ಕ್ಲಾಂಪುಗಳಿದ್ದರೆ, ಅಂಟು ಹಸಿಯಿರುವಾಗಲೇ ಒರೆಸಿಬಿಡಿ. ತಿರುಪಿಗೆ ಎಣ್ಣೆ ಸವರಿ, ಆದರೆ ಮರಕ್ಕೆ ತಾಗುವ ಬಿಲ್ಲೆಗೆ ಬೇಡ. ಬಿಗಿ ಮಾಡಿ ಇಡದೆ, ಸಡಿಲಿಸಿ ತೂಗುಹಾಕಿ.